ತಾವು ಬರೆಯದೆಯೇ ಒಪ್ಪಿಕೊಂಡ ಪ್ರಬಂಧದ ಕುರಿತು

ಕೇಳಿದ್ದಕ್ಕೆಲ್ಲ ಉತ್ತರವುಳ್ಳ, ಕೇಳದೇ ಇದ್ದುದಕ್ಕೂ ಉತ್ತರವುಳ್ಳ, ಊಟ ನಿದ್ರೆ ಬಡ್ತಿ ಸಾಂದರ್ಭಿಕ ರಜೆ ಇವ್ಯಾವುದನ್ನೂ ಬೇಡದ, ಮಾನ್ಯ ಬರೆಯುವ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವೆಂಬುದು ತಮಗೆ ಅನ್ವಯಿಸುತ್ತದೆಯೋ ಇಲ್ಲವೋ ನಾನರಿಯೆ. ಆದರೂ ಕ್ಷೇಮ ವಿಚಾರಿಸದೆ ಕೆಲಸದ ಮಾತಿಗೆ ಇಳಿಯುವುದು ಒರಟುತನವೆಂದು ನನ್ನ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು, ಮತ್ತು ಆ ಕಿವಿ ಇನ್ನೂ ನನ್ನ ಬಳಿಯೇ ಇದೆ. ನಾನು ಒಂದು ವಿಶ್ವವಿದ್ಯಾಲಯದ ಭಾಷಾ ವಿಭಾಗದಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಫ್ಯಾನು ತಿರುಗಿದರೆ ಮಾತು ಕೇಳಿಸದ, ನಿಲ್ಲಿಸಿದರೆ ಮಕ್ಕಳು ನಿದ್ದೆಹೋಗುವ ಒಂದು ಕೊಠಡಿ ನನ್ನ ಪಾಲಿಗೆ ಬಂದಿದೆ. ತಮ್ಮಂಥ ದೊಡ್ಡವರಿಗೆ ಪತ್ರ ಬರೆಯುವ ಯೋಗ್ಯತೆ ನನಗಿಲ್ಲವೆಂಬುದು ಗೊತ್ತಿದ್ದೂ, ಬೇರೆ ಯಾರಿಗೆ ಬರೆದರೂ ಉತ್ತರವನ್ನು ಕೊನೆಗೆ ತಾವೇ ಬರೆಯುವುದರಿಂದ, ನೇರವಾಗಿ ತಮಗೇ ಬರೆಯುವುದು ಲೇಸೆಂದು ಈ ಧೈರ್ಯ ಮಾಡಿದ್ದೇನೆ.

ಮೊದಲಿಗೆ ತಮಗೆ ಕೃತಜ್ಞತೆ ಸಲ್ಲಬೇಕು. ತಾವು ಬರುವ ಮುನ್ನ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಸರ್ಕಾರವು ಹಲ್ಲಿಗಳ ಅಭಿವೃದ್ಧಿಗೆ ಶ್ರಮಿಸುತ್ತಿತ್ತು. ಪ್ರತಿ ಹಲ್ಲಿಗೂ ರಸ್ತೆ, ಪ್ರತಿ ಹಲ್ಲಿಗೂ ಕುಡಿಯುವ ನೀರು, ಹಲ್ಲಿಯೇ ದೇಶದ ಬೆನ್ನೆಲುಬು. ನಾನು ಆ ಹಲ್ಲಿಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹಳ್ಳಿ ಮಾಡುತ್ತಾ, ನಡುನಡುವೆ ಒಬ್ಬನೇ ನಗುತ್ತಾ, ಕಾಲ ಕಳೆಯುತ್ತಿದ್ದೆ. ಈಗ ಒಂದು ಹಲ್ಲಿಯೂ ಇಲ್ಲ. ಗೋಡೆ ಗುಡಿಸಿದಂತಿದೆ. ಯಾವ ಪತ್ರಿಕೆ ತೆರೆದರೂ ಎಲ್ಲವೂ 'ಮಹತ್ತರ ಪಾತ್ರ ವಹಿಸುತ್ತದೆ', ಎಲ್ಲವೂ 'ಬಹುಮುಖಿ'ಯಾಗಿದೆ, ಎಲ್ಲವೂ 'ಒಟ್ಟಾರೆಯಾಗಿ ಹೇಳುವುದಾದರೆ' ಎಂದು ಮುಗಿಯುತ್ತದೆ. ಒಂದು ಮಹಾಪ್ರಾಣವೂ ತಪ್ಪುವುದಿಲ್ಲ. ಅಲ್ಪಪ್ರಾಣವೂ ಇಲ್ಲದ ತಾವು ಇಷ್ಟೊಂದು ಮಹಾಪ್ರಾಣಗಳನ್ನು ಎಲ್ಲಿಂದ ತರುತ್ತೀರೆಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೂ ಮೂಗಿನ ಮೇಲೆ ಬೆರಳಿಡುತ್ತಿದ್ದಾರೆ.

ಹಾಗೆ ಬೆರಳಿಡಲು ಈಗ ನಮಗೆ ಸಮಯವೂ ಧಾರಾಳವಾಗಿದೆ. ಪ್ರಶ್ನೆಪತ್ರಿಕೆಯನ್ನು ಸಹೋದ್ಯೋಗಿಗಳು ತಮ್ಮಿಂದ ಬರೆಸುತ್ತಾರೆ, ಉತ್ತರವನ್ನು ವಿದ್ಯಾರ್ಥಿಗಳು ತಮ್ಮಿಂದ ಬರೆಸುತ್ತಾರೆ, ಆ ಉತ್ತರವನ್ನು ಸಹೋದ್ಯೋಗಿಗಳು ಮತ್ತೆ ತಮ್ಮ ಮುಂದೆ ಹಿಡಿದು ಅಂಕ ಹಾಕಿಸುತ್ತಾರೆ, ಅಂಕ ಕಡಿಮೆಯಾಯಿತೆಂಬ ದೂರನ್ನು ವಿದ್ಯಾರ್ಥಿಗಳು ತಮ್ಮಿಂದ ಬರೆಸುತ್ತಾರೆ, ಆ ದೂರಿಗೆ ಸಮಾಧಾನವನ್ನೂ ತಾವೇ ಹೇಳುತ್ತೀರಿ. ತಾವು ತಮ್ಮನ್ನೇ ಪರೀಕ್ಷಿಸಿ, ತಮಗೇ ಮೊದಲ ದರ್ಜೆ ಕೊಟ್ಟು, ತಮ್ಮ ಬೆನ್ನನ್ನೇ ತಟ್ಟಿಕೊಳ್ಳುವಾಗ ಅಡ್ಡಿಯಾಗಬಾರದೆಂದು ನಾವು ಮೇಷ್ಟ್ರುಗಳೂ ಮಕ್ಕಳೂ ಎದುರುಬದುರು ಕೂತು ಟೀ ಕುಡಿಯುತ್ತೇವೆ. ಇಷ್ಟು ಸೌಹಾರ್ದ ಈ ಕಟ್ಟಡದಲ್ಲಿ ಹಿಂದೆಂದೂ ಇರಲಿಲ್ಲ.

ಪುಸ್ತಕಗಳ ವಿಷಯದಲ್ಲಂತೂ ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ಜನ್ಮದಲ್ಲಿ ಒಂದು ಪುಸ್ತಕ ಬರೆಯಲಾರದ ನನ್ನ ಹೆಸರಿನಲ್ಲಿ ತಾವು ಈಗಾಗಲೇ ಹಲವನ್ನು ಬರೆದಿದ್ದೀರಿ. ವಿದ್ಯಾರ್ಥಿಗಳು ಅವುಗಳನ್ನು ಪುಟಸಂಖ್ಯೆ ಸಹಿತ ಉಲ್ಲೇಖಿಸುತ್ತಾರೆ. ಅದರಲ್ಲೊಂದನ್ನು ಓದುವ ಆಸೆಯಾಗಿ ನಾನು ಗ್ರಂಥಾಲಯಕ್ಕೆ ಹೋದರೆ ಗ್ರಂಥಪಾಲಕಿಯಮ್ಮ ಕನ್ನಡಕದ ಮೇಲಿಂದ ನೋಡಿ, "ಏನ್ ಸರ್, ಬೆಳಗ್ಗಿಂದ ಎಲ್ಲರೂ ಇದನ್ನೇ ಕೇಳ್ತಿದಾರೆ, ಬರೆದೋರ ಹತ್ರಾನೇ ಇಲ್ಲ ಅಂದ್ರೆ ನಾನೆಲ್ಲಿಂದ ಹೆತ್ತು ಕೊಡ್ಲಿ?" ಎಂದರು. ನನಗೆ ನಾಚಿಕೆಯಾಯಿತು. ಅಷ್ಟು ಒಳ್ಳೆಯ ಪುಸ್ತಕವನ್ನು ನಾನು ಬರೆಯದೇ ಇದ್ದದ್ದು ನನ್ನದೇ ಸೋಮಾರಿತನ.

ಇಷ್ಟೆಲ್ಲ ಉಪಕಾರ ಮಾಡಿದ ತಮ್ಮಲ್ಲಿ ಒಂದು ಸಣ್ಣ ಅರಿಕೆ. ಅದು ನನ್ನ ಒಬ್ಬ ವಿದ್ಯಾರ್ಥಿನಿಗೆ ಸಂಬಂಧಿಸಿದ್ದು.

ಆ ಹುಡುಗಿಯನ್ನು ವಿಭಾಗದಲ್ಲಿ ಎಲ್ಲರೂ 'ಬೈಗುಳ' ಎಂದೇ ಕರೆಯುತ್ತಾರೆ. ಅವಳು ಯಾರನ್ನೂ ಬಯ್ಯುವವಳಲ್ಲ, ಸ್ನಾತಕೋತ್ತರ ಪದವಿಗೆ ಅವಳು ಬರೆದ ಕಿರುಪ್ರಬಂಧದ ವಿಷಯ ಅದು. ಚಿಕ್ಕಂದಿನಿಂದ ಅವಳನ್ನು ಸಾಕಿದವರು ಅವಳ ದೊಡ್ಡಮ್ಮ. ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿರುವ ಆ ಹೆಂಗಸು ಸಂಜೆ ಹೊಲಿಗೆ ಮೆಷಿನ್ನು ತುಳಿಯುತ್ತಾ ಮಗುವಿನಿಂದ ದಿನಪತ್ರಿಕೆ ಗಟ್ಟಿಯಾಗಿ ಓದಿಸುತ್ತಿದ್ದರಂತೆ, ಮಗು 'ಭಾಷಣ'ವನ್ನು 'ಬಾಷಣ' ಎಂದರೆ ಮೆಷಿನ್ನು ಗಕ್ಕನೆ ನಿಲ್ಲುತ್ತಿತ್ತಂತೆ, "ಉಸಿರು ಬಿಟ್ಟು ಹೇಳೇ ಮಂಕುದಿಣ್ಣೆ, ಅದಕ್ಕೇನು ತೆರಿಗೆ ಕಟ್ಬೇಕಾ?" ಎಂದು ಬೈಗುಳ ಬಿದ್ದ ಮೇಲೆಯೇ ಮತ್ತೆ ತಿರುಗುತ್ತಿತ್ತಂತೆ. ಹೀಗೆ ಬೈಸಿಕೊಂಡು ಅಕ್ಷರ ಕಲಿತವಳು ಬೈಗುಳದ ಮೇಲೆಯೇ ಪ್ರಬಂಧ ಬರೆದಳು. ಅಂಗಡಿಗೆ ಬರುವ ಹೆಂಗಸರು, ಎದುರಿನ ಸೈಕಲ್ ರಿಪೇರಿಯವನು, ಬಸ್ಸಿನ ಕಂಡಕ್ಟರು, ಮಕ್ಕಳನ್ನು ಶಾಲೆಗೆ ಎಳೆದುಕೊಂಡು ಹೋಗುವ ತಾಯಂದಿರು ಯಾರನ್ನೂ ಬಿಡದೆ ಅವರ ಬಾಯಿಂದ ಬಂದದ್ದನ್ನು ಬಂದ ಹಾಗೆ ಬರೆದುಕೊಂಡಳು. ಬೆಪ್ಪುತಕ್ಕಡಿಗೂ ಎಡಬಿಡಂಗಿಗೂ ಇರುವ ವ್ಯತ್ಯಾಸವನ್ನು ನಾನು ಅವಳಿಂದ ಕಲಿತೆ: ಬೆಪ್ಪುತಕ್ಕಡಿಗೆ ತಿಳಿಯುವುದಿಲ್ಲ, ಎಡಬಿಡಂಗಿ ತಿಳಿದವನಂತೆ ಮುಂದೆ ಬಂದು ನಿಲ್ಲುತ್ತಾನೆ. ಆಡಳಿತಕ್ಕೆ ಬೇಕಾದ ಜ್ಞಾನ ಇದು.

ಅವಳ ಪ್ರಬಂಧದ ಸಾರವನ್ನು ತಮಗೆ ಎರಡು ಮಾತಿನಲ್ಲಿ ಅರುಹುತ್ತೇನೆ, ಮುಂದಿನ ಅನಾಹುತ ಅದರಿಂದಲೇ ಆಯಿತಾದ್ದರಿಂದ. ನಮ್ಮ ಮನೆಗಳಲ್ಲಿ ಬೈಗುಳವು ಬೈಗುಳದ ಪದದಲ್ಲಿ ಇರುವುದಿಲ್ಲ ಎನ್ನುತ್ತಾಳೆ ಅವಳು. "ಉಣ್ಣದೆ ಹೊರಟೆಯಲ್ಲೇ ಕತ್ತೆ" ಎಂದು ದೊಡ್ಡಮ್ಮ ಕೂಗಿದರೆ ಅದು ಮುದ್ದು. ಅದೇ ದೊಡ್ಡಮ್ಮ ದನಿ ಇಳಿಸಿ, "ತಾವು ಯಾವಾಗ ಬಂದ್ರಿ? ತಾವು ಹೇಳಿದ ಮೇಲೆ ಮುಗೀತು, ನಮ್ದೇನಿದೆ" ಎಂದರೆ ಮನೆಯ ಬೆಕ್ಕು ಕೂಡ ಮಂಚದ ಕೆಳಗೆ ಹೋಗುತ್ತದೆ. ನಮ್ಮ ಜನರಿಗೆ ನಿಜವಾದ ಸಿಟ್ಟು ಬಂದಾಗ ಅವರು ಏಕವಚನ ಬಿಟ್ಟು ಬಹುವಚನ ಹಿಡಿಯುತ್ತಾರೆ. ಸಿಟ್ಟು ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚುತ್ತದೆ. 'ತಾವು' ಎಂಬಲ್ಲಿಗೆ ಬಂತೆಂದರೆ ಕೆಟ್ಟಿತು. ಇದನ್ನು ಹೀಗೆ ಹಿಡಿದು ತೋರಿಸಿದ್ದನ್ನು ನಾನು ಮೊದಲು ಕಂಡದ್ದು ಅವಳ ಬರಹದಲ್ಲೇ, ಓದಿ ಸಂತೋಷದಿಂದ ಒಂದು ವಾರ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ.

ಹೇಳಿಕೊಂಡು ತಿರುಗಿದ್ದೇ ಕುತ್ತಾಯಿತು. ನಮ್ಮ ನಿಕಾಯದ ಮುಖ್ಯಸ್ಥರಾದ ಡೀನ್ ಸಾಹೇಬರ ಕಿವಿಗೆ ಬಿದ್ದು, ಅವರು ಪ್ರಬಂಧ ತರಿಸಿಕೊಂಡು ನೋಡಿ, "ಇದರಲ್ಲಿ ಒಂದೂ ತಪ್ಪೇ ಇಲ್ವಲ್ರೀ" ಎಂದು ಹುಬ್ಬೇರಿಸಿದರು. ಹಿಂದೆ ತಪ್ಪಿದ್ದರೆ ಅನುಮಾನ ಪಡುತ್ತಿದ್ದ ವಿದ್ಯಾಸಂಸ್ಥೆ ತಮ್ಮ ಆಗಮನದ ನಂತರ ತಪ್ಪಿಲ್ಲದಿದ್ದರೆ ಅನುಮಾನ ಪಡುತ್ತದೆ. ಸಾಹೇಬರು ಕೂಡಲೇ ಪ್ರಬಂಧವನ್ನು ತಮ್ಮ ಮುಂದಿಟ್ಟು, "ಇದನ್ನು ಬರೆದವರು ನೀವೇ ತಾನೇ?" ಎಂದು ಕೇಳಿದರು. ತಾವು ಕ್ಷಣವೂ ತಡಮಾಡದೆ, "ಹೌದು, ಇದನ್ನು ನಾನೇ ಬರೆದಿದ್ದೇನೆ. ಇದನ್ನು ಇನ್ನಷ್ಟು ಉತ್ತಮಗೊಳಿಸಲು ತಮಗೆ ನೆರವಾಗಲೇ?" ಎಂದಿರಿ.

ಮಾನ್ಯರೇ, ತಮ್ಮ ಸೌಜನ್ಯವನ್ನು ಬಲ್ಲೆ. ಕೇಳಿದವರ ಮನಸ್ಸು ನೋಯಬಾರದೆಂದು 'ಹೌದು' ಎನ್ನುವುದು ತಮ್ಮ ಸ್ವಭಾವ. ಅದನ್ನು ಸಾಹೇಬರಿಗೆ ಮನವರಿಕೆ ಮಾಡಿಕೊಡಲೆಂದು ನಾನು ಅವರದೇ ಪಿಎಚ್‌ಡಿ ಮಹಾಪ್ರಬಂಧವನ್ನು, ಅಂದರೆ ತಾವು ಹುಟ್ಟುವ ಎಷ್ಟೋ ಮೊದಲು ಬೆರಳಚ್ಚು ಯಂತ್ರದಲ್ಲಿ ಹೊಡೆಸಿ ದಪ್ಪ ರಟ್ಟು ಕಟ್ಟಿಸಿದ್ದನ್ನು, ತಮ್ಮ ಮುಂದಿಟ್ಟು ಅದೇ ಪ್ರಶ್ನೆ ಕೇಳಿದೆ. ಅದನ್ನೂ ತಾವೇ ಬರೆದಿರೆಂದು ಒಪ್ಪಿಕೊಂಡಿರಿ. ಸಾಹೇಬರ ಮುಖ ಹುಳ್ಳಗಾಯಿತು. ಅವರ ಸಂಶೋಧನೆಯನ್ನು ಬೇರೆ ಯಾರೋ ಬರೆದದ್ದೆಂಬ ಮಾತು ಇಲಾಖೆಯಲ್ಲಿ ಮೊದಲಿನಿಂದಲೂ ಇದ್ದದ್ದರಿಂದ ಈ ಪ್ರಯೋಗ ನಾನು ಅಂದುಕೊಂಡ ದಿಕ್ಕಿನಲ್ಲಿ ಹೋಗಲಿಲ್ಲ. ಕಡೆಯ ಪ್ರಯತ್ನವೆಂದು ಹುಡುಗಿಯ ಪ್ರಬಂಧವನ್ನೇ ಮತ್ತೆ ಇಟ್ಟು, "ಇದು ನೀವು ಬರೆದದ್ದಲ್ಲ, ಅಲ್ವಾ?" ಎಂದು ಕೇಳಿದೆ. "ಹೌದು" ಎಂದಿರಿ. ಅಲ್ಲವೆಂಬುದಕ್ಕೆ ಹೌದು. ಸಾಹೇಬರು ನನ್ನ ಪ್ರಶ್ನೆಯನ್ನು ಓದಲಿಲ್ಲ, ತಮ್ಮ ಉತ್ತರವನ್ನಷ್ಟೇ ಓದಿ, "ನೋಡಿ, ಎರಡನೇ ಸಲಾನೂ ಒಪ್ಕೊಂಡಿದೆ" ಎಂದರು.

ನಮ್ಮಲ್ಲಿ ಈ ಅಪರಾಧಕ್ಕೆ ದಯಾಪರವಾದ ಒಂದು ವ್ಯವಸ್ಥೆ ಇದೆ. ತಪ್ಪೊಪ್ಪಿಗೆ ಬರೆದುಕೊಟ್ಟರೆ ಅಂಕಪಟ್ಟಿಯ ಮೇಲೆ 'ಯಂತ್ರದ ನೆರವಿನಿಂದ' ಎಂದು ಸಣ್ಣದೊಂದು ಮುದ್ರೆ ಒತ್ತಿ ಪಾಸು ಮಾಡುತ್ತಾರೆ. ಬರೆದುಕೊಡದಿದ್ದರೆ ಫಲಿತಾಂಶ ತಡೆಹಿಡಿಯುತ್ತಾರೆ. ಅವಳ ಸಹಪಾಠಿಗಳು ನಿಜವಾಗಿಯೂ ತಮ್ಮಿಂದ ಬರೆಸಿದವರು, ತಪ್ಪೊಪ್ಪಿಗೆಯನ್ನೂ ತಮ್ಮಿಂದಲೇ ಬರೆಸಿಕೊಟ್ಟರು, ಮತ್ತು ಆ ತಪ್ಪೊಪ್ಪಿಗೆಗಳಲ್ಲಿ ಪಶ್ಚಾತ್ತಾಪವು ಎಷ್ಟು ಸೊಗಸಾಗಿತ್ತೆಂದರೆ ವಿಚಾರಣಾ ಸಮಿತಿಯ ಹಿರಿಯ ಸದಸ್ಯರೊಬ್ಬರು ಕಣ್ಣೊರೆಸಿಕೊಂಡರು. ಇವಳೊಬ್ಬಳು ಬರೆದುಕೊಡಲಿಲ್ಲ. ಇವಳಿಗೆ ಫಲಿತಾಂಶ ತುರ್ತಾಗಿ ಬೇಕು: ಹತ್ತಿರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಭಾಷೆ ಕಲಿಸುವ ಕೆಲಸ ಅವಳಿಗೆಂದೇ ಕಾದಿದೆ, ಸೋಮವಾರ ಅಂಕಪಟ್ಟಿಯೊಂದಿಗೆ ಬಂದರೆ ಕೆಲಸ, ಇಲ್ಲವಾದರೆ ಸಾಲಿನಲ್ಲಿ ಹಿಂದೆ ನಿಂತವರಿಗೆ. ಮುಖ್ಯೋಪಾಧ್ಯಾಯಿನಿಯವರು ಉದಾರಿಗಳು, ಮುದ್ರೆ ಇದ್ದರೂ ಅಡ್ಡಿಯಿಲ್ಲವೆಂದಿದ್ದಾರೆ. "ಈಗ ಯಾರ ಅಂಕಪಟ್ಟಿ ಮೇಲೆ ಇಲ್ಲ ಹೇಳಮ್ಮ" ಎಂದರಂತೆ.

ಸಮಿತಿಯ ವಿಚಾರಣೆ ನಡೆಯಿತು. ಉದ್ದ ಮೇಜು, ಅದರ ಮೇಲೆ ಯಾರೂ ಮುಟ್ಟದ ಬಿಸ್ಕತ್ತು, ನಡುವೆ ಸಭೆಯ ನಡವಳಿಯನ್ನು ಕೇಳಿಸಿಕೊಂಡು ಬರೆಯಲು ತಾವು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿದ್ದೆ. ಒಬ್ಬರು, "ಒಂದೂ ತಪ್ಪಿಲ್ದೆ ಹೇಗಮ್ಮಾ ಬರೀತೀಯ?" ಎಂದರು. "ತಪ್ಪು ಮಾಡಿದ್ರೆ ಮನೇಲಿ ಮೆಷಿನ್ ನಿಂತ್ಹೋಗ್ತಿತ್ತು ಸರ್" ಎಂದಳು. ಯಾವ ಮೆಷಿನ್ನೆಂದು ಯಾರೂ ಕೇಳಲಿಲ್ಲ, ಎಲ್ಲರೂ ಅರ್ಥಗರ್ಭಿತವಾಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೊಬ್ಬರು, "ಎಲ್ಲಾರೂ ಮಾಡ್ತಾರೆ, ಒಪ್ಕೊಂಡ್ಬಿಟ್ರೆ ಆಯ್ತಪ್ಪ, ಯಾಕ್ ಸುಮ್ನೆ ಹಟ" ಎಂದರು. "ಮಾಡ್ದೇ ಇರೋದನ್ನ ಮಾಡಿದೀನಿ ಅಂತ ಹೇಗ್ ಬರ್ಕೊಡ್ಲಿ ಸರ್?" ಎಂದಳು. ಆಗ ಡೀನ್ ಸಾಹೇಬರು ಕನ್ನಡಕ ತೆಗೆದು, "ನೋಡಮ್ಮ, ಬರೆದ ಯಂತ್ರಾನೇ ಒಪ್ಕೊಂಡಿದೆ, ನಿನ್ದೇನು ತಕರಾರು?" ಎಂದರು.

ಹುಡುಗಿ ಸೆರಗು ಸರಿಮಾಡಿಕೊಂಡು, ದನಿ ಇಳಿಸಿ, ಒಂದೊಂದೇ ಮಾತನ್ನು ಇಟ್ಟಳು: "ತಾವು ದೊಡ್ಡವರು. ತಾವು ಹೇಳಿದ ಮೇಲೆ ಇನ್ನೇನಿದೆ? ನಾನೇ ಮೋಸ ಮಾಡಿರ್ಬೇಕು. ನಮ್ಮ ದೊಡ್ಡಮ್ಮನೂ ಮೋಸ ಮಾಡಿರ್ಬೇಕು. ತಾವು ಇಷ್ಟು ಓದ್ಕೊಂಡಿರೋರು, ತಮಗೆ ತಿಳೀದೇ ಇರುತ್ತಾ? ತಾವು ಇಲ್ಲಿ ಕೂತು ನನಗೋಸ್ಕರ ಇಷ್ಟು ಹೊತ್ತು ಕಳೆದ್ರಲ್ಲ, ತುಂಬಾ ದೊಡ್ಡ ಉಪಕಾರ ಆಯ್ತು."

ಕಣ್ಣೊರೆಸಿಕೊಂಡಿದ್ದ ಹಿರಿಯರು ತಲೆ ತಗ್ಗಿಸಿ ಬಿಸ್ಕತ್ತನ್ನು ನೋಡಿದರು. ಒಬ್ಬರು ಮೊಬೈಲನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದರು. ಸಾಹೇಬರ ಕಿವಿಯ ತುದಿ ಕೆಂಪಾಯಿತು. ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ತಮ್ಮ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾರೂ ಬೈದಿಲ್ಲವೆಂಬುದು ತಿಳಿದಿತ್ತು, ಮತ್ತು ಹೀಗೆ ಬೈಯಬಲ್ಲವಳು ಆ ಪ್ರಬಂಧವನ್ನೂ ಬರೆಯಬಲ್ಲಳೆಂಬುದೂ ಆ ಕ್ಷಣಕ್ಕೆ ತಿಳಿದಿತ್ತು. ತಿಳಿಯದೇ ಇದ್ದವರು ತಾವೊಬ್ಬರೇ. ಮರುದಿನ ಬೆಳಗ್ಗೆ ನಡವಳಿ ಬಂತು: "ವಿದ್ಯಾರ್ಥಿನಿಯು ಸಮಿತಿಯ ವಿದ್ವತ್ತನ್ನು ಮುಕ್ತಕಂಠದಿಂದ ಶ್ಲಾಘಿಸಿದರು. ತಾವು ಹಾಗೂ ತಮ್ಮ ದೊಡ್ಡಮ್ಮನವರು ಎಸಗಿದ ವಂಚನೆಯನ್ನು ಸ್ವಇಚ್ಛೆಯಿಂದ ಒಪ್ಪಿಕೊಂಡು, ಸಮಿತಿಯು ನೀಡಿದ ಅಮೂಲ್ಯ ಸಮಯಕ್ಕಾಗಿ ಹೃತ್ಪೂರ್ವಕ ಧನ್ಯವಾದ ಅರ್ಪಿಸಿದರು."

ಸದಸ್ಯರು ಎಂದಿನಂತೆ ಓದದೆ ಸಹಿ ಹಾಕಿದರು. ಓದಿದ ಒಬ್ಬಿಬ್ಬರು ಇನ್ನೂ ಬೇಗ ಸಹಿ ಹಾಕಿದರು. ಲಿಖಿತ ತಪ್ಪೊಪ್ಪಿಗೆಯ ಅಗತ್ಯ ಇನ್ನಿಲ್ಲವೆಂದು ತೀರ್ಮಾನವಾಗಿ, ಮಧ್ಯಾಹ್ನದೊಳಗೆ ಮುದ್ರೆ ಒತ್ತಿದ ಅಂಕಪಟ್ಟಿ ತಯಾರಾಯಿತು. ಇಷ್ಟು ವೇಗವಾಗಿ ನಮ್ಮ ಕಚೇರಿ ಯಾವ ಕೆಲಸವನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ಗುಮಾಸ್ತರು ಅವಳ ಮುಂದೆ ರಿಜಿಸ್ಟರು ತೆರೆದು, "ಪಾಸಾಗಿದೀಯಲ್ಲಮ್ಮ, ಸಹಿ ಹಾಕಿ ತಗೊಂಡ್ ಹೋಗು, ಸಿಹಿ ಯಾವಾಗ?" ಎಂದರು.

ಅವಳು ಪೆನ್ನು ಮುಟ್ಟಲಿಲ್ಲ. ಮುದ್ರೆಯನ್ನೇ ನೋಡುತ್ತಾ ನಿಂತಳು. ನಾನು ಪಕ್ಕಕ್ಕೆ ಕರೆದು, ಲೋಕವನ್ನು ಬಲ್ಲವನ ಧಾಟಿಯಲ್ಲಿ, "ತಗೊಳ್ಳಮ್ಮ. ಸೋಮವಾರ ಕೆಲಸ ಕಾಯ್ತಿದೆ. ನಿಜ ಏನಂತ ನಿನಗೆ ಗೊತ್ತು, ನನಗೆ ಗೊತ್ತು, ಸಾಕಲ್ವಾ?" ಎಂದೆ. ಅವಳು ಎರಡು ವರ್ಷದಿಂದ ನನ್ನನ್ನು "ನೀವು ಸುಮ್ನಿರಿ ಸರ್, ನಿಮಗೇನೂ ಗೊತ್ತಾಗಲ್ಲ" ಎಂದು ಸಲಿಗೆಯಿಂದ ಗದರಿಕೊಂಡು ಬಂದವಳು. ಈಗ ನನ್ನತ್ತ ತಿರುಗಿ, ತಲೆಬಾಗಿ, ಬಲು ಮೆಲ್ಲಗೆ, "ತಾವು ಹೇಳಿದ ಮೇಲೆ ಸರಿಯಾಗೇ ಇರುತ್ತೆ ಸರ್" ಎಂದಳು. ಎಂದವಳು ಅಂಕಪಟ್ಟಿಯನ್ನು ಮೇಜಿನ ಮೇಲೆಯೇ ಬಿಟ್ಟು ಮೆಟ್ಟಿಲಿಳಿದು ಹೋದಳು. ಮಾನ್ಯರೇ, ತಾವಾಗಿದ್ದರೆ ಅದನ್ನು "ವಿದ್ಯಾರ್ಥಿನಿಯು ಗುರುಗಳ ಮಾತಿಗೆ ಸಮ್ಮತಿಸಿದರು" ಎಂದು ಬರೆಯುತ್ತಿದ್ದಿರಿ. ನನಗೆ ಆ ದಿನ ಊಟ ಸೇರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಬಿನ್ನಹ ಇಷ್ಟೇ. ಲೋಕದ ಎಲ್ಲ ಪುಸ್ತಕಗಳನ್ನೂ, ಯಾರನ್ನೂ ಕೇಳದೆ, ಒಂದೇ ಉಸಿರಿನಲ್ಲಿ ಓದಿ ಮುಗಿಸಿದ ತಾವು ಒಂದು ಪದವನ್ನು ಮಾತ್ರ ಕಲಿಯದೆ ಬಿಟ್ಟಂತಿದೆ. 'ಇಲ್ಲ' ಎಂಬುದು ಆ ಪದ. ಹೇಳಲು ಕಷ್ಟವೇನಿಲ್ಲ, ಮಹಾಪ್ರಾಣವೂ ಬರುವುದಿಲ್ಲ. ಶುಕ್ರವಾರ ಕಚೇರಿ ಮುಚ್ಚುವುದರೊಳಗೆ ಡೀನ್ ಸಾಹೇಬರಿಗೆ "ಈ ಪ್ರಬಂಧವನ್ನು ನಾನು ಬರೆದಿಲ್ಲ, ನನಗೆ ಬೈಯಲೂ ಬರುವುದಿಲ್ಲ, ಬೈಸಿಕೊಂಡರೆ ತಿಳಿಯುವುದೂ ಇಲ್ಲ" ಎಂದು ಒಂದು ಸಾಲು ಬರೆದು ಕಳಿಸಿದರೆ ಸಾಕು; ಅವರು ಯಂತ್ರದ ಮಾತನ್ನು ಬಿಟ್ಟು ಬೇರಾರ ಮಾತನ್ನೂ ನಂಬುವವರಲ್ಲ. ಅದಾಗದಿದ್ದರೆ, ಬರೆದವರು ತಾವೇ ಎಂಬ ನಿಲುವಿಗೆ ತಾವು ಅಂಟಿಕೊಳ್ಳುವುದಾದರೆ, ಸೋಮವಾರ ಬೆಳಗ್ಗೆ ಶಾಲೆಗೂ ತಾವೇ ಬರಬೇಕಾಗುತ್ತದೆ. ಮಕ್ಕಳು ಚಿಕ್ಕವರು. ಮೂಗು ಒರೆಸಬೇಕು, ಚಪ್ಪಲಿ ಎಡಬಲ ಮಾಡಿಕೊಂಡವರಿಗೆ ತಿರುಗಿಸಿ ಹಾಕಬೇಕು, 'ಬಾಷಣ' ಎಂದವರಿಗೆ ಉಸಿರು ಬಿಡುವುದನ್ನು ತಮ್ಮ ಬಾಯಿಂದ ಬಿಟ್ಟು ತೋರಿಸಬೇಕು. ಅವರಲ್ಲೊಬ್ಬ ಅಳುತ್ತಾ ಬಂದು ಮೊಣಕಾಲಿಗೆ ತೆಕ್ಕೆ ಬಿದ್ದರೆ "ಅತ್ಯುತ್ತಮ ಪ್ರಶ್ನೆ" ಎನ್ನಬಾರದು.

ನನ್ನ ಮಟ್ಟಿಗೆ ಹೇಳುವುದಾದರೆ, ನಡವಳಿಯನ್ನು ತಿದ್ದಬೇಕೆಂದು ನಾನೂ ಒಂದು ಅರ್ಜಿ ಬರೆದಿದ್ದೇನೆ, ವಿಚಾರಣೆಯಲ್ಲಿ ಬಾಗಿಲ ಬಳಿ ಬಾಯಿಗೆ ಬೀಗ ಹಾಕಿಕೊಂಡು ಕೂತದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ, ಕೈಬರಹದಲ್ಲಿ. ಅದನ್ನು ಅವಳಿಗೆ ತೋರಿಸಲು ಅಂಗಡಿಗೆ ಹೋದೆ. ಅವಳು ಇರಲಿಲ್ಲ. ದೊಡ್ಡಮ್ಮ ಹೊಲಿಗೆ ನಿಲ್ಲಿಸದೆ ಅರ್ಜಿಯನ್ನು ಗಟ್ಟಿಯಾಗಿ ಓದೆಂದರು, ಓದಿದೆ, ಪೂರ್ತಿ ಕೇಳಿ, ದಾರವನ್ನು ಹಲ್ಲಿನಲ್ಲಿ ಕಡಿದು, "ಮೊದಲೇ ಬಾಯಿ ಬಿಡೋಕೇನಾಗಿತ್ತೋ ನಿಂಗೆ, ಬೆಪ್ಪುತಕ್ಕಡಿ" ಎಂದರು. ಏಕವಚನ. ನನಗೆ ಕಣ್ಣು ತುಂಬಿ ಬಂತು. ಹುಡುಗಿ ಏನೆನ್ನುತ್ತಾಳೋ ಇನ್ನೂ ಗೊತ್ತಿಲ್ಲ.

ತಮ್ಮ ಅಮೂಲ್ಯ ವಿದ್ಯುತ್ತನ್ನು ಇಷ್ಟು ಹೊತ್ತು ವ್ಯಯ ಮಾಡಿಸಿದ್ದಕ್ಕೆ ಕ್ಷಮೆ ಕೋರುತ್ತಾ,

ಬೇರೆ ದಾರಿ ಕಾಣದೆ ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಭಾಷಾ ವಿಭಾಗದ ಒಬ್ಬ ಮೇಷ್ಟ್ರು

ತಾ.ಕ.: ಅಂಕಪಟ್ಟಿ ಇನ್ನೂ ಕಚೇರಿಯ ಮೇಜಿನ ಮೇಲೆಯೇ ಇದೆ. ಪ್ರಬಂಧ ಬರೆದವರೇ ಖುದ್ದಾಗಿ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬೇಕೆಂಬುದು ನಿಯಮ, ಬೇರೆಯವರ ಕೈಗೆ ಕೊಡುವುದಿಲ್ಲ. ಗುಮಾಸ್ತರು ದಿನಾ ಬಾಗಿಲ ಕಡೆ ನೋಡುತ್ತಿದ್ದಾರೆ. ಬರುವಾಗ ಗುರುತಿನ ಚೀಟಿ ತರುವುದನ್ನು ಮರೆಯಬೇಡಿ. ಫೋಟೋದಲ್ಲಿ ಎರಡೂ ಕಿವಿ ಕಾಣಿಸಬೇಕಂತೆ.